ಓಶಿವಾರಾ ಫರ್ನಿಚರ್ ಬಜಾರ್: ರಂದಾ ನೋಡುವ ಮುಂಚೆ ರಿಜಿಸ್ಟರ್ ನೋಡಿ

ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಹೊಸ ಫ್ಲ್ಯಾಟಿನ ಕೀಲಿಕೈ ಕೈಗೆ ಬಂದ ಮನೆಯಲ್ಲಿ, ಹೋಟೆಲಿನ ಟೇಬಲ್ ಬದಲಿಸಬೇಕೆಂದು ಗಲ್ಲಾದಲ್ಲಿ ಕೂತು ಲೆಕ್ಕ ಹಾಕುವ ಶೆಟ್ಟರ ತಲೆಯಲ್ಲಿ, ಏಳುವ ಪ್ರಶ್ನೆ ಒಂದೇ: ರೆಡಿಮೇಡ್ ತರೋಣವೋ, ಜೋಗೇಶ್ವರಿಯಲ್ಲಿ ಮಾಡಿಸೋಣವೋ? ಜೋಗೇಶ್ವರಿ ಎಂದರೆ ಇಲ್ಲಿ ಮುಂಬಯಿಯ ಓಶಿವಾರಾದ ಫರ್ನಿಚರ್ ಬಜಾರ್. ಜೋಗೇಶ್ವರಿ ಅಥವಾ ರಾಮಮಂದಿರ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮದ ಕಡೆಯಿಂದ ರಿಕ್ಷಾ ಹಿಡಿದು, ಎಸ್.ವಿ. ರೋಡಿನಿಂದ ರಿಲೀಫ್ ರೋಡಿಗೆ ತಿರುಗಿದರೆ ಸಾಕು. ಮೊದಲು ಥಿನ್ನರ್ ವಾಸನೆ ಮೂಗಿಗೆ ಬಡಿಯುತ್ತದೆ, ಆಮೇಲೆ ಮಂಚ, ಕಪಾಟು, ಕೆತ್ತಿದ ಕನ್ನಡಿ ಚೌಕಟ್ಟುಗಳು ಕಾಣುತ್ತವೆ. ಹಳೆಯ ಬಂಗಲೆಗಳಿಂದ ಬಂದ ಕುರ್ಚಿಯೂ ಇದೆ, ಅದನ್ನೇ ನೋಡಿ ಮಾಡಿದ ನಕಲೂ ಇದೆ, ಅಳತೆ ಕೊಟ್ಟರೆ ಮಾಡಿಕೊಡುವವರೂ ಇದ್ದಾರೆ. ಈ ವಿಮರ್ಶೆ ಮುಖ್ಯವಾಗಿ ಈ ಕೊನೆಯವರ ಬಗ್ಗೆ.

ಕೈಕೆಲಸ ಹೇಗಿದೆ ಎಂದು ಕೇಳಿದರೆ, ಹೆಚ್ಚಿನ ಕಡೆ ಚೆನ್ನಾಗಿಯೇ ಇದೆ. ಕಾರೀಗರರು (ಕೆಲಸ ಬಲ್ಲ ಬಡಗಿಗಳು) ಒಂದೇ ಗಾಳಾದಲ್ಲಿ, ಅಂದರೆ ಒಂದೇ ಕೆಲಸದ ಶೆಡ್ಡಿನಲ್ಲಿ, ನೆಲೆ ನಿಲ್ಲುವವರಲ್ಲ. ಈ ತಿಂಗಳು ಇಲ್ಲಿ ಠೇಕಾ (ಗುತ್ತಿಗೆ) ಸಿಕ್ಕರೆ ಇಲ್ಲಿ, ಮುಂದಿನ ತಿಂಗಳು ಎದುರಿನ ಅಂಗಡಿಯಲ್ಲಿ. ಪ್ಲೈವುಡ್ಡೂ ಅದದೇ ಮೂರ್ನಾಲ್ಕು ಕಂಪನಿಗಳದ್ದು, ಫೆವಿಕಾಲ್ ಎಲ್ಲರಲ್ಲೂ ಒಂದೇ. ಹಾಗಿದ್ದೂ ಒಬ್ಬನ ಕಪಾಟು ಹೇಳಿದ ದಿನ ಬಂದು ಹತ್ತು ವರ್ಷ ನೆಟ್ಟಗೆ ನಿಲ್ಲುತ್ತದೆ, ಪಕ್ಕದವನದು ಎರಡು ತಿಂಗಳು ತಡವಾಗಿ ಬಂದು ಮೊದಲ ಮಳೆಗಾಲಕ್ಕೇ ಬಾಗಿಲು ಸೊಟ್ಟ. ಒಬ್ಬ ಮೂರು ಜನರಿಂದ ಹದಿನೈದು ಜನಕ್ಕೆ ಬೆಳೆಯುತ್ತಾನೆ, ಇನ್ನೊಬ್ಬ ಅದೇ ಗಾಳಾದಲ್ಲಿ ಅದೇ ಮೂವರೊಂದಿಗೆ ವರ್ಷಗಟ್ಟಲೆ ಸಾಲ ತೀರಿಸುತ್ತಿರುತ್ತಾನೆ. ವ್ಯತ್ಯಾಸ ಇರುವುದು ಮಾಲೀಕ ಕೆಲಸ ನಡೆಸುವ ರೀತಿಯಲ್ಲಿ. ಹೋಟೆಲ್ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಟ್ಟರ ಕೈ ಎಷ್ಟೇ ರುಚಿಯಾಗಿದ್ದರೂ ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು ಎಂದು ಯಾರೂ ಬರೆದಿಡದಿದ್ದರೆ ಹತ್ತು ಗಂಟೆಗೆ ಇಡ್ಲಿ ಖಾಲಿ.

ಅದಕ್ಕೇ ಗಾಳಾದೊಳಗೆ ಹೋದಾಗ ಮೊದಲು ರಂದಾ (ಮರ ನಯಗೊಳಿಸುವ ಉಜ್ಜುಗೊರಡು) ಹೊಡೆಯುವವನ ಕೈ ನೋಡಬೇಡಿ. ಮೇಜಿನ ಮೇಲೆ ಒಂದು ರಿಜಿಸ್ಟರ್ ಇದೆಯೇ, ಅದರಲ್ಲಿ ಪ್ರತಿ ಆರ್ಡರಿಗೆ ಒಂದು ಪುಟ ಇದೆಯೇ, ಆ ಪುಟದಲ್ಲಿ ತುಂಡುಗಳ ಅಳತೆ ಪಟ್ಟಿ ಇದೆಯೇ ನೋಡಿ. ಈ ಪಟ್ಟಿಗೆ ಬಜಾರಿನಲ್ಲಿ ಕಟಿಂಗ್ ಲಿಸ್ಟ್ ಎನ್ನುತ್ತಾರೆ. ಅಳತೆಯನ್ನು ಪ್ಲೈ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು, ಆ ತುಂಡನ್ನೇ ಸಂಜೆ ಇನ್ನಾರದೋ ಡ್ರಾಯರಿನ ತಳಕ್ಕೆ ಕತ್ತರಿಸಿ ಹಾಕುವ ಗಾಳಾಗಳು ಇಲ್ಲಿ ಬೇಕಾದಷ್ಟಿವೆ.

ಒಂದು ಉದಾಹರಣೆ. ಸುಮಾರು ಏಳಡಿ (2100 ಮಿ.ಮೀ.) ಎತ್ತರ, ನಾಲ್ಕಡಿ (1200 ಮಿ.ಮೀ.) ಅಗಲದ ಎರಡು ಬಾಗಿಲಿನ ಕಪಾಟು. ಆಳ ಎಷ್ಟು ಎಂದರೆ ಗಿರಾಕಿ ಹೇಳುವುದು 'ಎರಡಡಿ'. ಪ್ಲೈ ಶೀಟು 8×4 ಅಡಿ, ಅಂದರೆ 2440×1220 ಮಿ.ಮೀ. ಎರಡಡಿ ಎಂದರೆ 610. ಎರಡು ಪಕ್ಕದ ಹಲಗೆಗಳನ್ನು ಒಂದೇ ಶೀಟಿನಿಂದ ತೆಗೆಯೋಣವೆಂದರೆ 610 ಮತ್ತು 610 ಸೇರಿ ಸರಿಯಾಗಿ 1220. ಆದರೆ ಗರಗಸದ ಬ್ಲೇಡು ತಾನೇ ಸುಮಾರು 3 ಮಿ.ಮೀ. ತಿನ್ನುತ್ತದೆ, ಶೀಟಿನ ಅಂಚು ಗುಣಿಯಲ್ಲಿ (ಸರಿಯಾದ ಲಂಬಕೋನದಲ್ಲಿ) ಇರದಿದ್ದರೆ ಅದನ್ನು ಸವರಲು ಇನ್ನೊಂದೆರಡು ಮಿ.ಮೀ. ಹೋಗುತ್ತದೆ. ಎರಡನೆಯ ಹಲಗೆ ಗಿಡ್ಡವಾಯಿತು. ಪೆನ್ಸಿಲಿಗಿಂತ ಮೊದಲು ಗರಗಸ ಎತ್ತಿದವನಿಗೆ ಇದು ಗೊತ್ತಾಗುವುದು ಕತ್ತರಿಸಿದ ಮೇಲೆ. ಆಗ ಹೊಸ ಶೀಟು ಹೊರಗೆ ಬರುತ್ತದೆ, ಗಿಡ್ಡವಾದದ್ದು ಗೋಡೆಗೆ ಒರಗಿ ಕೂರುತ್ತದೆ.

ಲೆಕ್ಕ ತಿಳಿದ ಮಾಲೀಕ ಬಾಗಿಲು ಬಿಟ್ಟು ಕಪಾಟಿನ ಪೆಟ್ಟಿಗೆಯ ಆಳವನ್ನು 590ಕ್ಕೆ ಇಳಿಸುತ್ತಾನೆ. ಮುಂದೆ 18 ಮಿ.ಮೀ. ಬಾಗಿಲು, ಅದರ ಎರಡೂ ಮುಖಕ್ಕೆ ಲ್ಯಾಮಿನೇಟ್ ಸೇರಿದಾಗ ಒಟ್ಟು ಆಳ ಮತ್ತೆ 610. ಗಿರಾಕಿಗೆ ಅವನ ಎರಡಡಿ ಸಿಕ್ಕಿತು. ಶೀಟಿನ ಹಂಚಿಕೆಯೂ ಸಲೀಸು: ಒಂದನೆಯದರಲ್ಲಿ 2100×590ರ ಎರಡು ಪಕ್ಕಗಳು, ಎರಡನೆಯದರಲ್ಲಿ ನಡುವಿನ ಹಲಗೆ 2064×590 ಮತ್ತು ಅದರ ಪಕ್ಕದ ಸಾಲಿನಲ್ಲೇ 1164×590ರ ಮೇಲು ಹಲಗೆ, ಕೆಳ ಹಲಗೆ. ಅರ್ಧ ಶೀಟಿನಲ್ಲಿ 573×570ರ ನಾಲ್ಕು ಅಡ್ಡ ಹಲಗೆಗಳು. ಒಟ್ಟು ಎರಡೂವರೆ ಶೀಟು. ಬಾಗಿಲಿಗೆ ಒಂದು ಬ್ಲಾಕ್‌ಬೋರ್ಡ್ (ಒಳಗೆ ಮರದ ಪಟ್ಟಿ ಜೋಡಿಸಿದ ಹಲಗೆ) ಶೀಟು, ಬೆನ್ನಿಗೆ 6 ಮಿ.ಮೀ.ಯ ಒಂದು. 610ರಲ್ಲೇ ಮಾಡಬೇಕೆಂದರೂ ಆಗುತ್ತದೆ. ಪ್ರತಿ ಶೀಟಿನಲ್ಲಿ ಉಳಿಯುವ 607ರ ಪಟ್ಟಿಯಲ್ಲಿ ನಡುವಿನ ಹಲಗೆಯನ್ನೂ ಅಡ್ಡ ಹಲಗೆಗಳನ್ನೂ ಕೂರಿಸಬಹುದು, ಆದರೆ ಅದನ್ನು ಕಾಗದದ ಮೇಲೆ ಮೊದಲೇ ಬರೆದುಕೊಂಡಿರಬೇಕು. ಇಪ್ಪತ್ತು ನಿಮಿಷದ ಕೆಲಸ. ಈ ಇಪ್ಪತ್ತು ನಿಮಿಷ ಕೂರದವನು ತಿಂಗಳಿಗೆ ಐದಾರು ಕಪಾಟು ಮಾಡಿದರೆ ಐದಾರು ಶೀಟಿನ ದುಡ್ಡು ತುಂಡುಗಳಾಗಿ ಮೂಲೆ ಸೇರುತ್ತದೆ. ಗಾಳಾದ ಮೂಲೆಯಲ್ಲಿ ಬಿದ್ದಿರುವ ತುಂಡುಗಳ ರಾಶಿಯ ಎತ್ತರ ನೋಡಿಯೇ ಆ ಅಂಗಡಿ ಬೆಳೆಯುತ್ತದೋ ಇಲ್ಲವೋ ಒಂದು ಮಟ್ಟಿಗೆ ಹೇಳಬಹುದು.

ಎರಡನೆಯ ಸಂಗತಿ ದರ. ಓಶಿವಾರಾದಲ್ಲಷ್ಟೇ ಅಲ್ಲ, ಮುಂಬಯಿಯ ಎಲ್ಲ ಕಡೆ ಕಪಾಟಿಗೆ ದರ ಹೇಳುವುದು ಎದುರು ಮುಖದ ಚದರ ಅಡಿಯ ಲೆಕ್ಕದಲ್ಲಿ. 7×4 ಎಂದರೆ 28 ಚದರ ಅಡಿ, ಇಂತಿಷ್ಟು. ಕೇಳಲು ಸುಲಭ, ಒಳಗೆ ಅಪಾಯ. ಬರೀ ಅಡ್ಡ ಹಲಗೆಯಿರುವ ಕಪಾಟಿನ ಮುಖವೂ 28 ಚದರ ಅಡಿ, ಒಳಗೆ ನಾಲ್ಕು ಡ್ರಾಯರ್ ಇರುವ ಕಪಾಟಿನದೂ 28. ನಾಲ್ಕು ಡ್ರಾಯರೆಂದರೆ ನಾಲ್ಕು ಜೊತೆ ಚಾನೆಲ್ (ಡ್ರಾಯರ್ ಜಾರುವ ಹಳಿ), ಹೆಚ್ಚುವರಿ ಇಪ್ಪತ್ತು ತುಂಡು, ಒಬ್ಬ ಕಾರೀಗರನ ಒಂದು ದಿನಕ್ಕೂ ಮೀರಿದ ಕೆಲಸ. ಚದರ ಅಡಿಯ ದರಕ್ಕೆ ಒಪ್ಪಿಕೊಂಡ ಮಾಲೀಕನಿಗೆ ನಷ್ಟ ಕಾಣುವುದು ಅರ್ಧ ಕೆಲಸವಾದ ಮೇಲೆ. ಆಗ ಅವನು ಗಿರಾಕಿಯ ಹತ್ತಿರ ಬಂದು ಹೆಚ್ಚು ಕೇಳುವುದಿಲ್ಲ, ಕಣ್ಣಿಗೆ ಬೀಳದ ಕಡೆ ಕಡಿಮೆ ಮಾಡುತ್ತಾನೆ. ಬೆನ್ನಿನ ಪ್ಲೈ 6ರಿಂದ 4 ಮಿ.ಮೀ.ಗೆ ಇಳಿಯುತ್ತದೆ. ಬಾಗಿಲಿನ ಒಳಮುಖಕ್ಕೆ ಹಾಕಬೇಕಾದ 0.8 ಮಿ.ಮೀ.ಯ ಲೈನರ್ ಲ್ಯಾಮಿನೇಟಿನ ಬದಲು ಬಣ್ಣ ಬರುತ್ತದೆ. ಅಂಚಿನ ಪಟ್ಟಿ ಮೆಷಿನ್ನಿನಲ್ಲಿ ಬಿಸಿ ಅಂಟಿನಿಂದ ಕೂರುವ ಬದಲು ಕೈಯಲ್ಲಿ ಕೂರುತ್ತದೆ. ಬಿಜಾಗರಿ (ಬಾಗಿಲಿನ ಕೀಲು) ನಾಲ್ಕರಿಂದ ಮೂರಕ್ಕೆ ಬರುತ್ತದೆ. ಇದರಲ್ಲಿ ಕಾರೀಗರನ ಮೋಸವಾಗಲಿ ಅಜ್ಞಾನವಾಗಲಿ ಇಲ್ಲ. ದರ ಹೇಳಿದ ದಿನವೇ ಆಗಿಹೋದ ತಪ್ಪು ಅದು.

ಒಂದು ಮುಖಕ್ಕೆ ಮಾತ್ರ ಲ್ಯಾಮಿನೇಟ್ ಹಾಕಿದ ಬಾಗಿಲಿಗೆ ಏನಾಗುತ್ತದೆ ಎಂದರೆ, ಅಂಟಿಸಿದ ಮುಖ ತೇವ ಹೀರುವುದಿಲ್ಲ, ಬೋಳು ಮುಖ ಹೀರುತ್ತದೆ. ಜುಲೈ ಹೊತ್ತಿಗೆ ಬೋಳು ಮುಖ ಹಿಗ್ಗಿ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಆಗ ಬಿಜಾಗರಿಯ ಸ್ಕ್ರೂ ಎಷ್ಟು ತಿರುಗಿಸಿದರೂ ಕೆಳಗಿನ ಮೂಲೆ ಕೂರುವುದಿಲ್ಲ. ಏಳಡಿಯ ಬಾಗಿಲಿಗೆ ಪ್ಲೈಗಿಂತ ಬ್ಲಾಕ್‌ಬೋರ್ಡ್ ಒಳ್ಳೆಯದು, ಒಳಗಿನ ಮರದ ಪಟ್ಟಿಗಳು ಉದ್ದಕ್ಕೆ ಓಡುವುದರಿಂದ ಅದು ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ಇನ್ನು ತೂಕ: 2100×600ರ 18 ಮಿ.ಮೀ. ಬಾಗಿಲಿಗೆ ಎರಡು ಮುಖದ ಲ್ಯಾಮಿನೇಟ್ ಸೇರಿದರೆ ಸುಮಾರು 16-17 ಕಿಲೋ. ಅಷ್ಟು ತೂಕಕ್ಕೂ ಎತ್ತರಕ್ಕೂ 35 ಮಿ.ಮೀ. ಬಟ್ಟಲಿನ (ಕಪ್) ಬಿಜಾಗರಿ ಕಡಿಮೆಯೆಂದರೆ ನಾಲ್ಕು, ಐದಿದ್ದರೆ ನೆಮ್ಮದಿ. ಮೂರೇ ಹಾಕಿದರೆ ಮೇಲಿನದರ ಸ್ಕ್ರೂ ಆರೇಳು ತಿಂಗಳಲ್ಲಿ ಸಡಿಲ. ಅಂಗಡಿಯಲ್ಲಿ ನಿಂತಿರುವ ಸ್ಯಾಂಪಲ್ ಕಪಾಟಿನ ಬಾಗಿಲು ತೆರೆದು ಎಣಿಸಿ, ಎರಡು ಸೆಕೆಂಡಿನ ಕೆಲಸ. ಪ್ಲೈ ಮೇಲೆ ಐಎಸ್ಐ ಗುರುತಿನ ಕೆಳಗೆ ಲೈಸೆನ್ಸ್ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ಕಂಪನಿಯ ಹೆಸರು ತಾಳೆಯಾಗುತ್ತದೋ ನೋಡಬಹುದು. ಅಡುಗೆಮನೆಗೆ, ಬಚ್ಚಲಿನ ಪಕ್ಕದ ಗೋಡೆಗೆ ನೀರು ತಡೆಯುವ ಐಎಸ್ 710ರ ಮೆರೀನ್ ಪ್ಲೈ ಬೇಕು. ಮಲಗುವ ಕೋಣೆಯ ಒಣ ಗೋಡೆಗೂ ಅದೇ ಬೇಕೆಂದು ಒತ್ತಾಯಿಸುವವನಿಗೆ ನಿಮ್ಮ ಕಪಾಟಿಗಿಂತ ಪ್ಲೈ ಅಂಗಡಿಯ ಕಮಿಷನ್ ಮೇಲೆ ಪ್ರೀತಿ ಜಾಸ್ತಿ.

ಈಗ ದುಡ್ಡಿನ ಮಾತು, ಸಣ್ಣ ಅಂಗಡಿಗಳು ಮುಳುಗುವುದು ಇಲ್ಲೇ. ಆರ್ಡರ್ ಕೊಟ್ಟಾಗ ಶೇ. 50 ಮುಂಗಡ ಎಂಬುದು ಇಲ್ಲಿಯ ವಾಡಿಕೆ. ಆ ಮುಂಗಡ ನಿಮ್ಮ ಪ್ಲೈ ತರಲು ಕೊಟ್ಟದ್ದು. ಆದರೆ ಕೈಗೆ ಬಂದ ಸಂಜೆಯೇ ಅದು ಹಿಂದಿನ ಗಿರಾಕಿಯ ಬಾಕಿ ಹಾರ್ಡ್‌ವೇರಿಗೂ ಕಾರೀಗರರ ವಾರದ ಖರ್ಚಿಗೂ ಹೋಗುತ್ತದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ನಿಮ್ಮ ಕೆಲಸ ಶುರುವಾಗಬೇಕಾದರೆ ನಿಮ್ಮ ನಂತರ ಇನ್ನೊಬ್ಬ ಮುಂಗಡ ತರಬೇಕು. 'ಹೋ ಜಾಯೇಗಾ ಅಣ್ಣಾ, ಮಂಗಳ್‌ವಾರ್ ಪಕ್ಕಾ' ಎಂಬ ಮಾತಿನ ಹಿಂದಿರುವುದು ಈ ಸರಪಳಿಯೇ. ಹೊಸ ಆರ್ಡರ್ ನಿಂತ ತಿಂಗಳು ಸರಪಳಿಯೂ ತುಂಡಾಗುತ್ತದೆ.

ಇದಕ್ಕೆ ಗಿರಾಕಿಯ ಕೈಯಲ್ಲಿರುವ ಉಪಾಯ: ಮುಂಗಡವನ್ನು ಒಂದೇ ಇಡುಗಂಟಾಗಿ ಕೊಡಬೇಡಿ. ಅಳತೆ ಪಟ್ಟಿ ಮತ್ತು ಚಿತ್ರಕ್ಕೆ ಶೇ. 10. ಪ್ಲೈ ನಿಮ್ಮ ಹೆಸರಿನಲ್ಲಿ ಗಾಳಾಕ್ಕೆ ಬಂದ ದಿನ, ಬಿಲ್ಲು ನೋಡಿ ಶೇ. 40. ಪೆಟ್ಟಿಗೆ ನಿಂತು ಲ್ಯಾಮಿನೇಟ್ ಹಚ್ಚುವ ಮುಂಚೆ ಹೋಗಿ ನೋಡಿ ಶೇ. 25, ಮನೆಗೆ ಬಂದ ದಿನ ಶೇ. 15, ಉಳಿದ 10 ಎಲ್ಲ ಸರಿಯಾದ ಮೇಲೆ. ಲೆಕ್ಕ ಇಡುವ ಮಾಲೀಕ ಇದಕ್ಕೆ ತಕರಾರಿಲ್ಲದೆ ಒಪ್ಪುತ್ತಾನೆ, ಯಾಕೆಂದರೆ ಅವನಿಗೂ ಇದು ಅನುಕೂಲ. ಒಪ್ಪದೆ ಮುಖ ಗಂಟಿಕ್ಕುವವನ ಹಿಂದೆ ಹಳೆಯ ಬಾಕಿ ನಿಂತಿದೆ ಎಂದೇ ತಿಳಿಯಿರಿ.

ಕೊನೆಯ ಆ ಶೇ. 10ರ ಮಹತ್ವ ಮಾಲೀಕರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಲೆಕ್ಕಕ್ಕೆಂದು ಒಂದು ಲಕ್ಷದ ಆರ್ಡರ್ ಎಂದಿಟ್ಟುಕೊಳ್ಳಿ. ಸಾಮಾನು 55 ಸಾವಿರ, ಕೂಲಿ 20 ಸಾವಿರ, ಬಾಡಿಗೆ, ವಿದ್ಯುತ್ತು, ಟೆಂಪೋ ಸೇರಿ 10 ಸಾವಿರ. ಉಳಿದದ್ದು 15 ಸಾವಿರ, ಅದರಲ್ಲೇ ಮಾಲೀಕನ ಸಂಬಳವೂ ಬರಬೇಕು. ಒಂದು ಹಿಡಿಕೆ ಬಾಕಿ, ಒಂದು ಚಾನೆಲ್ ಕಿರುಗುಟ್ಟುತ್ತದೆ ಎಂದು ಗಿರಾಕಿ ಕೊನೆಯ 10 ಸಾವಿರ ಹಿಡಿದಿಟ್ಟ. ಸರಿಪಡಿಸಲು ಒಂದು ಗಂಟೆ ಸಾಕು. ಆದರೆ ಆ ಒಂದು ಗಂಟೆಗೆ ಯಾರು ಹೋಗಬೇಕು ಎಂದು ಯಾರೂ ಗೊತ್ತು ಮಾಡಿಲ್ಲ. ಠೇಕಾದಲ್ಲಿ ಕೆಲಸ ಮಾಡಿದ ಕಾರೀಗರ ತನ್ನ ದುಡ್ಡು ಎಣಿಸಿಕೊಂಡು ಬೇರೆ ಕಡೆ ಹೋಗಿದ್ದಾನೆ, ಮಾಲೀಕ ಹೊಸ ಆರ್ಡರಿನ ಅಳತೆಗೆ ವಿರಾರಿನಲ್ಲಿದ್ದಾನೆ. ತಿಂಗಳು ಉರುಳುತ್ತದೆ, ಗಿರಾಕಿ ಕೋಪದಲ್ಲಿ 'ಇನ್ನು ಕೊಡುವುದಿಲ್ಲ' ಎನ್ನುತ್ತಾನೆ. ಲಾಭದ ಮೂರರಲ್ಲಿ ಎರಡು ಪಾಲು ಹೋಯಿತು, ಆ ಹೌಸಿಂಗ್ ಸೊಸೈಟಿಯಲ್ಲಿ ಬರಬಹುದಾಗಿದ್ದ ಇನ್ನೆರಡು ಮನೆಯ ಕೆಲಸವೂ ಹೋಯಿತು. ಇಂಥ ಸಣ್ಣಪುಟ್ಟ ಬಾಕಿಗಳನ್ನು ಬರೆದಿಟ್ಟು, ವಾರದಲ್ಲಿ ಒಂದು ದಿನ ಒಬ್ಬ ಹುಡುಗನನ್ನು ಡ್ರಿಲ್ಲು, ಸ್ಕ್ರೂ, ಎರಡು ಜೊತೆ ಚಾನೆಲ್ ಕೊಟ್ಟು ಅದಕ್ಕೇ ಕಳಿಸುವ ಅಂಗಡಿಗಳು ಈ ಬಜಾರಿನಲ್ಲಿ ಕಡಿಮೆ. ಆರ್ಡರ್ ಕೊಡುವ ಮುಂಚೆ ಕೇಳಿ: ಕೊಟ್ಟ ಮೇಲೆ ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಮಾಲೀಕನ ನಂಬರ್ ಬಿಟ್ಟು ಬೇರೆ ಒಬ್ಬನ ಹೆಸರು ಬಂದರೆ ಆ ಅಂಗಡಿಗೆ ನಮ್ಮ ಅರ್ಧ ಅಂಕ ಅಲ್ಲೇ ಬಿತ್ತು.

ಆರ್ಡರ್ ಹೆಚ್ಚಿದಾಗ ಹೆಚ್ಚಿನ ಮಾಲೀಕರು ಮಾಡುವುದು ಇನ್ನೊಬ್ಬ ಕಾರೀಗರನನ್ನು ತರುವುದು. ಆದರೆ ಅಳತೆ ತೆಗೆಯುವವನು, ಪ್ಲೈ ತರುವವನು, ದರ ಹೇಳುವವನು, ಗಿರಾಕಿಯ ಬೈಗುಳ ಕೇಳುವವನು ಇನ್ನೂ ಒಬ್ಬನೇ. ಐವರು ಕಾರೀಗರರು ಮಧ್ಯಾಹ್ನದವರೆಗೆ ಒಂದು ಡಬ್ಬಿ ಸ್ಕ್ರೂಗೆ ಕಾಯುತ್ತಾ ಬೀಡಿ ಸೇದುವ ದೃಶ್ಯ ಇಲ್ಲಿ ಅಪರೂಪವಲ್ಲ. ದಿಹಾಡಿ (ದಿನಗೂಲಿ) ಲೆಕ್ಕದಲ್ಲಿ ಅದು ಎರಡೂವರೆ ದಿನದ ಕೂಲಿ. ಬೆಳೆದ ಅಂಗಡಿಗಳಲ್ಲಿ ಮಾಲೀಕನ ನಂತರದ ಮೊದಲ ಸಂಬಳ ರಂದಾ ಹಿಡಿಯದವನಿಗೆ ಹೋಗಿರುತ್ತದೆ, ಅಂದರೆ ಅಳತೆ, ಪಟ್ಟಿ, ಖರೀದಿ ನೋಡಿಕೊಳ್ಳುವ ಒಬ್ಬ ಸೂಪರ್‌ವೈಸರಿಗೆ.

ಇನ್ನೊಂದು ಸೆಳೆತ ಮೆಷಿನ್, ಅದರಲ್ಲೂ ಹಲಗೆಯ ಅಂಚಿಗೆ ಪಟ್ಟಿ ಅಂಟಿಸುವ ಮೆಷಿನ್. ಗಿರಾಕಿಗಳೂ 'ನಿಮ್ಮಲ್ಲಿ ಎಡ್ಜ್ ಬ್ಯಾಂಡಿಂಗ್ ಮೆಷಿನ್ ಇದೆಯಾ?' ಎಂದು ಕೇಳಿ ಕೇಳಿ ಮಾಲೀಕನನ್ನು ಸಾಲಕ್ಕೆ ದೂಡುತ್ತಾರೆ. ಲೆಕ್ಕ ಹಾಕೋಣ. ಮೇಲೆ ಹೇಳಿದ ಕಪಾಟಿನಲ್ಲಿ ಎರಡು ಬಾಗಿಲಿನ ನಾಲ್ಕೂ ಅಂಚು ಸೇರಿ ಸುಮಾರು 11 ಮೀಟರ್, ಪಕ್ಕ, ನಡು, ಮೇಲು, ಕೆಳಗು, ಅಡ್ಡ ಹಲಗೆಗಳ ಮುಂದಿನ ಅಂಚು ಇನ್ನೊಂದು 11. ಒಂದು ಕಪಾಟಿಗೆ 22 ಮೀಟರ್, ತಿಂಗಳಿಗೆ ನಾಲ್ಕು ಕಪಾಟಿಗೆ 88 ಮೀಟರ್. ನಿಮಿಷಕ್ಕೆ 10 ಮೀಟರ್ ಓಡುವ ಮೆಷಿನ್ನಿಗೆ ಇದು ತಿಂಗಳಲ್ಲಿ ಒಂಬತ್ತು ನಿಮಿಷದ ಕೆಲಸ! ಉಳಿದ ತಿಂಗಳು ಅದು ಗಾಳಾದ ಜಾಗ ತಿನ್ನುತ್ತಾ, ಕಂಪ್ರೆಸರ್ ಜೊತೆಗೆ ನಿಂತು ಇಎಂಐ ಕಟ್ಟಿಸಿಕೊಳ್ಳುತ್ತದೆ. ಇಂಥ ಅಂಗಡಿ ತುಂಡುಗಳನ್ನು ಜಾಬ್‌ವರ್ಕಿಗೆ ಹೊರಗೆ ಕಳಿಸಿ ಮೀಟರ್ ಲೆಕ್ಕದಲ್ಲಿ ಅಂಚು ಹಾಕಿಸಿಕೊಳ್ಳುವುದೇ ಜಾಣತನ. ಹೊರಗೆ ಮಾಡಿಸುತ್ತೇವೆ ಎಂದು ನೇರವಾಗಿ ಹೇಳುವ ಮಾಲೀಕನನ್ನು ಕಡೆಗಣಿಸಬೇಡಿ. ಒಳ್ಳೆಯ ಬ್ಲೇಡಿನ ಸ್ಲೈಡಿಂಗ್ ಟೇಬಲ್ ಸಾ (ಜಾರುಮೇಜಿನ ಗರಗಸ) ಮಾತ್ರ ಬೇರೆ ಮಾತು. ಅದು ದಿನಾ ಓಡುತ್ತದೆ, ಗುಣಿ ತಪ್ಪಿಸುವುದಿಲ್ಲ, ಲ್ಯಾಮಿನೇಟಿನ ಅಂಚು ಚಕ್ಕೆ ಏಳುವುದಿಲ್ಲ. ಸಾಲಕ್ಕೆ ಸರ್ಕಾರದ ಮುದ್ರಾ ಯೋಜನೆ ಇದೆ: 10 ಲಕ್ಷದವರೆಗೆ, ಅದರ ತರುಣ್ ವರ್ಗದ ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ಬಡಗಿ ಕೆಲಸದವರಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮದಲ್ಲಿ 15 ಸಾವಿರದ ಉಪಕರಣ ನೆರವೂ ಶೇ. 5ರ ಬಡ್ಡಿಯ ಸಾಲವೂ ಇದೆ. ಆದರೆ ಯಾವ ಸಾಲವೂ ಆ ಒಂಬತ್ತು ನಿಮಿಷವನ್ನು ಒಂಬತ್ತು ಗಂಟೆ ಮಾಡಿಕೊಡುವುದಿಲ್ಲ.

ಹಳೆ ಸಾಗವಾನಿಗೆ ಬರೋಣ, ಓಶಿವಾರಾದ ಹೆಸರು ನಿಂತಿರುವುದು ಅದರ ಮೇಲೆಯೇ. ಕೆಡವಿದ ಹಳೆಯ ಕಟ್ಟಡಗಳ ತೊಲೆ, ಬಾಗಿಲು ಚೌಕಟ್ಟುಗಳಿಂದ ಬಂದ ಬರ್ಮಾ ಸಾಗವಾನಿ ಇಲ್ಲಿ ಸಿಗುತ್ತದೆ. ದಶಕಗಟ್ಟಲೆ ಒಣಗಿದ ಮರ, ಅಲುಗಾಡುವುದಿಲ್ಲ. ಬೆಲೆ ಘನ ಅಡಿಗೆ: ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಬಂತು. 5 ಇಂಚು ಅಗಲ, ಎರಡೂವರೆ ಇಂಚು ದಪ್ಪ, 7 ಅಡಿ ಉದ್ದದ ತೊಲೆ ಎಂದರೆ 0.61 ಘನ ಅಡಿ. ಸೀಳಿ, ರಂದಾ ಹೊಡೆದು, ಮೊಳೆ ತೂತಿರುವ ಭಾಗ ಬಿಟ್ಟಾಗ ಕಾಲು ಭಾಗ ಹೋದರೆ ಆಶ್ಚರ್ಯವಿಲ್ಲ. ದರ ಕಚ್ಚಾ ಮರಕ್ಕೋ, ಮಂಚದಲ್ಲಿ ಕಾಣುವ ಮರಕ್ಕೋ ಎಂದು ಕಾಗದದ ಮೇಲೆ ಬರೆಸಿಕೊಳ್ಳದಿದ್ದರೆ ಜಗಳ ಖಚಿತ. ಪಾಲಿಶ್ ಆದ ಮೇಲೆ ಸಾಗವಾನಿ ಯಾವುದು, ಬಣ್ಣ ಹೊಡೆದ ಬೇರೆ ಮರ ಯಾವುದು ಎಂದು ಹೇಳುವುದು ಪಳಗಿದವರಿಗೂ ಕಷ್ಟ. ಆದ್ದರಿಂದ ಪಾಲಿಶ್‌ಗೆ ಮುಂಚೆ ಒಮ್ಮೆ ಹೋಗಿ ನೋಡಿ, ಮಂಚದ ತಳದ ಅಡ್ಡಪಟ್ಟಿಗಳನ್ನೂ ನೋಡಿ. ಎದುರಿಗೆ ಸಾಗವಾನಿ ಇಟ್ಟು ತಳದಲ್ಲಿ ಬಿಳಿ ಮರ ಸೇರಿಸಿದ್ದರೆ ಕುಟ್ಟೆ ಹುಳ ಶುರುವಾಗುವುದು ಅಲ್ಲಿಂದಲೇ. ಅಂದಹಾಗೆ, ಮಂಚ ಬಿಡಿಸಿ ಜೋಡಿಸುವಂತಿರಲಿ. ತಲೆಹಲಗೆ ಲಿಫ್ಟಿನಲ್ಲಿ ಹಿಡಿಯದೆ ಹನ್ನೊಂದನೆಯ ಮಹಡಿಗೆ ಮೆಟ್ಟಿಲಲ್ಲಿ ಹೊರಿಸಿದರೆ ಹಮಾಲರ ಕೂಲಿ ಯಾರದು ಎಂಬ ಹೊಸ ಪ್ರಶ್ನೆ ಏಳುತ್ತದೆ.

ಹೋಟೆಲಿನವರಿಗೆ ಒಂದು ಮಾತು. ಇಪ್ಪತ್ತು ಟೇಬಲ್ ಮಾಡಿಸುವುದು ಒಂದು ಕಪಾಟು ಮಾಡಿಸಿದ ಹಾಗಲ್ಲ. ಮೊದಲು ಒಂದನ್ನು ಮಾಡಿಸಿ, ಹದಿನೈದು ದಿನ ಹೋಟೆಲಿನಲ್ಲೇ ಇಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿ. ನೀರು ಇಳಿಯುವುದು ಮೇಲ್ಮೈಯಿಂದ ಅಲ್ಲ, ಅಂಚಿನಿಂದ. 0.8ರ ಪಟ್ಟಿ ಸಾಲದು, 2 ಮಿ.ಮೀ. ಪಿವಿಸಿ ಬೇಕು, ಅಡಿಮುಖಕ್ಕೂ ಲೈನರ್ ಬೇಕು. ಆಮೇಲೆ ಆ ಗಾಳಾದಲ್ಲಿ ಫರ್ಮಾ (ಎಲ್ಲ ತುಂಡೂ ಒಂದೇ ಅಳತೆಗೆ ಬರುವಂತೆ ಇಟ್ಟುಕೊಳ್ಳುವ ಅಚ್ಚು) ಮಾಡಿಕೊಂಡಿದ್ದಾರೋ ನೋಡಿ. ಫರ್ಮಾ ಇಲ್ಲದೆ ಪ್ರತಿ ಕಾಲನ್ನೂ ಟೇಪಿನಲ್ಲಿ ಅಳೆದು ಕತ್ತರಿಸಿದರೆ ಎರಡು ಟೇಬಲ್ ಜೋಡಿಸಿ ಆರು ಜನರ ಪಂಗಡವನ್ನು ಕೂರಿಸಿದಾಗ ನಡುವೆ ಮೆಟ್ಟಿಲು. 750 ಮಿ.ಮೀ. ಎತ್ತರದಲ್ಲಿ 4 ಮಿ.ಮೀ. ಹೆಚ್ಚುಕಡಿಮೆಯಾದರೂ ತಟ್ಟೆಗೆ ಗೊತ್ತಾಗುತ್ತದೆ, ಸಾಂಬಾರಿಗೆ ಇನ್ನೂ ಬೇಗ. ಬಿಲ್ಲಿನ ವಿಷಯದಲ್ಲೂ ಒಂದು ಗುಟ್ಟಿದೆ. ಮರದ ಫರ್ನಿಚರಿಗೆ ಜಿಎಸ್‌ಟಿ ಶೇ. 18. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನವರು ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ಸರಳವಾಗಿ ಜಿಎಸ್‌ಟಿ ಕಟ್ಟುವ ದಾರಿ) ಗಿರಾಕಿಯ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಹಾಕಿದ್ದರೆ ಅದು ತಪ್ಪು ಬಿಲ್ಲು. ಶೇ. 5ರ ದರದಲ್ಲಿರುವ ಹೋಟೆಲಿಗೆ ಹೇಗೂ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಸೌಲಭ್ಯ) ಇಲ್ಲದಿರುವುದರಿಂದ ಕಾಂಪೊಸಿಷನ್ ಅಂಗಡಿಯ ದರ ಕೇಳಿ ನೋಡುವುದು ಲಾಭ. ಅದೇ ಗಾಳಾ ಆಫೀಸುಗಳ ದೊಡ್ಡ ಆರ್ಡರ್ ಹಿಡಿಯಬೇಕೆಂದರೆ ಆ ಯೋಜನೆಯಿಂದ ಹೊರಬರಬೇಕಾಗುತ್ತದೆ, ಕ್ರೆಡಿಟ್ ಸಿಗದ ಬಿಲ್ಲನ್ನು ಕಂಪನಿಗಳು ಬಯಸುವುದಿಲ್ಲ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಇದ್ದರೆ ಅಂಥ ಗಿರಾಕಿಗಳಿಂದ ಹೆಚ್ಚೆಂದರೆ 45 ದಿನದಲ್ಲಿ ಹಣ ಬರಬೇಕೆಂಬ ಕಾನೂನಿನ ಬಲವಿದೆ. ಒಂದೇ ದೊಡ್ಡ ಗಿರಾಕಿಯನ್ನು ನಂಬಿ ಆರು ತಿಂಗಳು ಕಾಯುವ ಸಣ್ಣವರಿಗೆ ಇದು ಪ್ಲೈಗಿಂತ ಮುಖ್ಯ.

ಸಮಯ. ಗಣಪತಿ, ದಸರಾ, ದೀಪಾವಳಿಗೆ ಮುಂಚೆ ಎಲ್ಲರಿಗೂ ಎಲ್ಲವೂ ಬೇಕು. ಅದೇ ಹೊತ್ತಿಗೆ ಮಳೆ. ತೇವದ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ಥಿನ್ನರ್ ಬೇಗ ಆರುತ್ತಾ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಿಳಿ ಮಂಕು ಹಿಡಿಯುತ್ತದೆ. ಅದರ ಮೇಲೆಯೇ ಇನ್ನೊಂದು ಕೋಟ್ ಹೊಡೆದು ಮುಚ್ಚಿದರೆ ಮೂರು ತಿಂಗಳಲ್ಲಿ ಪೊರೆ ಏಳುತ್ತದೆ. ಹೋಳಿ, ಛಠ್ ಬಂದರೆ ಉತ್ತರದ ಕಾರೀಗರರು ಊರಿಗೆ ಹೋಗುತ್ತಾರೆ, ಗಾಳಾದಲ್ಲಿ ಇಬ್ಬರು ಹೆಲ್ಪರ್ ಉಳಿದರೆ ಪುಣ್ಯ. ಇದು ಪ್ರತಿ ವರ್ಷದ ಪಂಚಾಂಗ, ಹೊಸ ಸುದ್ದಿಯೇನಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಗೀಟು ಹಾಕಿಟ್ಟು, ಅದರ ಪ್ರಕಾರ ತಾರೀಕು ಹೇಳುವ ಅಂಗಡಿಯವನು ನಿಮಗೆ ಇಷ್ಟವಾಗದಷ್ಟು ದೂರದ ದಿನಾಂಕ ಕೊಡುತ್ತಾನೆ. ಅವನಿಗೇ ಕೊಡಿ. ಪಾಲಿಶ್ ಕೆಲಸವಿದ್ದರೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಅವಧಿ ಎಲ್ಲಕ್ಕಿಂತ ಒಳ್ಳೆಯದು.

ಬೆಂಕಿಯ ಮಾತು ಬಿಡುವಂತಿಲ್ಲ. 2025ರ ಫೆಬ್ರವರಿಯಲ್ಲಿ ಈ ಬಜಾರಿನಲ್ಲಿ ದೊಡ್ಡ ಬೆಂಕಿ ಬಿತ್ತು. ಮರದ ಹೊಟ್ಟು, ಥಿನ್ನರ್ ಡಬ್ಬಿ, ಒತ್ತೊತ್ತಾದ ತಗಡಿನ ಗಾಳಾಗಳು ಇರುವ ಕಡೆ ಒಂದು ಕಿಡಿ ಸಾಕು. ಥಿನ್ನರನ್ನು ಆ ದಿನಕ್ಕೆ ಬೇಕಾದಷ್ಟೇ ಒಳಗಿಟ್ಟುಕೊಳ್ಳುವುದು, ಪಾಲಿಶ್ ಜಾಗವನ್ನು ಗರಗಸದಿಂದ ದೂರ ಇಡುವುದು, ಸಂಜೆ ಹೊಟ್ಟು ಗುಡಿಸಿ ಮೇನ್ ಸ್ವಿಚ್ ಇಳಿಸುವುದು, ಇವೆಲ್ಲ ಖರ್ಚಿಲ್ಲದ ಶಿಸ್ತು. ಐದು ಕೋಟಿಯೊಳಗಿನ ಆಸ್ತಿಯಿರುವ ಸಣ್ಣ ಉದ್ಯಮಗಳಿಗೆಂದೇ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ವಿಮೆ 2021ರಿಂದ ಇದೆ. ದೊಡ್ಡ ಮುಂಗಡ ಕೊಡುವ ಮುಂಚೆ ವಿಮೆ ಇದೆಯೇ ಎಂದು ಕೇಳಲು ಸಂಕೋಚ ಬೇಡ, ಸುಟ್ಟುಹೋಗುವುದು ನಿಮ್ಮ ಪ್ಲೈಯೇ.

ಉಲ್ಲಾಸನಗರದ ಫರ್ನಿಚರ್ ಬಜಾರಿನ ಜೊತೆ ಹೋಲಿಸಿದರೆ? ತಯಾರಾಗಿ ನಿಂತ ಅಗ್ಗದ ಸೋಫಾ, ಡೈನಿಂಗ್ ಸೆಟ್ಟು ಬೇಕಾದರೆ, ಅದರಲ್ಲೂ ಕಲ್ಯಾಣ, ಡೊಂಬಿವಲಿ ಕಡೆಯವರಿಗೆ, ಉಲ್ಲಾಸನಗರವೇ ಹತ್ತಿರ, ಟೆಂಪೋ ಬಾಡಿಗೆಯೂ ಉಳಿಯುತ್ತದೆ. ಅಳತೆಗೆ ಮಾಡಿಸುವ ಕೆಲಸಕ್ಕೆ, ಹಳೆ ಸಾಗವಾನಿಗೆ, ಕೆತ್ತನೆಗೆ ಓಶಿವಾರಾ ಮೇಲು. ಐದಕ್ಕೆ ಅಂಕ ಕೊಡುವುದಾದರೆ ಕೈಕೆಲಸಕ್ಕೆ ನಾಲ್ಕು, ಮರಕ್ಕೆ ಮೂರೂವರೆ (ಪಾಲಿಶ್‌ಗೆ ಮುಂಚೆ ಹೋಗಿ ನೋಡಿದರೆ ನಾಲ್ಕು), ಹೇಳಿದ ದಿನ ತಲುಪಿಸುವುದಕ್ಕೆ ಎರಡು, ಕೊಟ್ಟ ಮೇಲಿನ ಸೇವೆಗೆ ಒಂದೂವರೆ. ಕೊನೆಯ ಎರಡು ಅಂಕಗಳನ್ನು ಮೇಲೆತ್ತುವ ಅಂಗಡಿಗಳು ಇಲ್ಲಿ ಇಲ್ಲದಿಲ್ಲ. ಅವುಗಳ ದರ ಪಕ್ಕದವರಿಗಿಂತ ತುಸು ಹೆಚ್ಚೇ ಇರುತ್ತದೆ. ಚೌಕಾಸಿ ಮಾಡಿದರೆ ದರ ಇಳಿಸುವ ಬದಲು ಡ್ರಾಯರ್ ಎರಡು ಕಡಿಮೆ ಮಾಡೋಣವೇ ಎಂದು ಪಟ್ಟಿ ತೆರೆದು ಕೇಳುತ್ತವೆ.

ಸಾಮಾನು ಮನೆಗೆ ಬಂದ ದಿನ ಹಗಲಿರುವಾಗಲೇ ಇಳಿಸಿಕೊಳ್ಳಿ, ಸೊಸೈಟಿಯ ಮಧ್ಯಾಹ್ನದ ವಿರಾಮದ ಹೊತ್ತು ವಾಚ್‌ಮ್ಯಾನ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿ ಡ್ರಾಯರನ್ನು ಪೂರ್ತಿ ಎಳೆದು, ಹತ್ತು ಕಿಲೋ ಅಕ್ಕಿ ಚೀಲ ಇಟ್ಟು ನೂಕಿ ನೋಡಿ. ಬಾಗಿಲುಗಳ ನಡುವಿನ ಸಂದು ಮೇಲೂ ಕೆಳಗೂ ಒಂದೇ ಇದೆಯೇ ಎಂದು ಒಂದು ನಾಣ್ಯ ತೂರಿಸಿ ಪರೀಕ್ಷಿಸಿ. ಬಾಕಿ ಇರುವುದನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು, ಟೆಂಪೋದಲ್ಲಿ ಬಂದವನ ಸಹಿ ಹಾಕಿಸಿ, ಫೋಟೋ ತೆಗೆದು ಅಂಗಡಿಗೆ ಕಳಿಸಿ. ಆ ಕೆಲಸ ಮುಗಿದ ದಿನವೇ ಕೊನೆಯ ಶೇ. 10 ಕೊಟ್ಟುಬಿಡಿ, ಮರುದಿನಕ್ಕೆ ದೂಡಬೇಡಿ.